ಮೇಜಿನ ಅರ್ಧ

"ರೀ, ಇದನ್ನ ಇಲ್ಲಿಂದ ಎತ್ತಿ. ನಾನು ಬಟ್ಟೆ ಎಲ್ಲಿ ಹಾಸಲಿ?"

ಹೆಂಡತಿ ಕತ್ತರಿ ಹಿಡಿದುಕೊಂಡು ಹೀಗೆ ಕೇಳುತ್ತಿರುವುದು ಆ ವಾರದಲ್ಲಿ ನಾಲ್ಕನೆಯ ಸಲ. ಹಾಲಿನಲ್ಲಿ ಅತ್ತೆಯ ಮಂಚಕ್ಕೂ ಟಿವಿಗೂ ನಡುವೆ ಮಿಕ್ಕಿದ ಜಾಗವೇ ಅವಳ ಟೈಲರಿಂಗ್ ಅಂಗಡಿ: ಒಂದು ಹೊಲಿಗೆ ಮಷೀನು, ಒಂದು ಮೇಜು. ಆ ಮೇಜಿನ ಅರ್ಧಕ್ಕೆ ಈಗ ಗಂಡನ ಹಳೆಯ ಕಂಪ್ಯೂಟರ್ ಬಂದು ಕೂತಿತ್ತು. ಗುಜರಿಯವನೂ ಬೇಡವೆಂದಿದ್ದ ಪೆಟ್ಟಿಗೆ ಅದು. ಅದರ ಫ್ಯಾನು ಬೆಳಗಿನಿಂದ ಗೊರ್ ಎನ್ನುತ್ತಲೇ ಇತ್ತು.

"ಸ್ವಲ್ಪ ತಡ್ಕೋ. ಇದು ಇನ್ಮೇಲೆ ಬರೀ ಕಂಪ್ಯೂಟರ್ ಅಲ್ಲ, ನಮ್ಮನೆ ಸರ್ವರ್. ಎಲ್ಲರ ಫೋನಲ್ಲಿರೋ ಫೋಟೋನೂ ತಾನಾಗೇ ಬಂದು ಇದ್ರಲ್ಲಿ ಸೇರುತ್ತೆ. ಫೋನ್ ಕಳೆದುಹೋದ್ರೂ ಚಿಂತೆಯಿಲ್ಲ. ಬೇಕಾದಾಗ ಟಿವೀಲೂ ನೋಡಬಹುದು."

ಗಂಡನಿಗೆ ಲೈಬ್ರರಿಯಲ್ಲಿ ಕೆಲಸ. ಒಂದು ಹಾಳೆಯೂ ಕಳೆಯಬಾರದು ಎಂಬ ಅಲ್ಲಿನ ಶಿಸ್ತನ್ನು ಮನೆಗೂ ಹೊತ್ತು ತಂದಿದ್ದ. ಜಾಗ ಸಾಲದು, ಸ್ವಲ್ಪ ದೊಡ್ಡ ಮನೆ ನೋಡೋಣ ಎಂದು ಅವಳು ಎರಡು ಸಲ ಬಾಯಿಬಿಟ್ಟಾಗ, "ಇರೋ ಮನೆಗೇನಾಗಿದೆ?" ಎಂದು ಪೇಪರಿನೊಳಗೆ ಮುಖ ತೂರಿಸಿದ್ದ. ಪೆಟ್ಟಿಗೆ ತಂದಿಡುವಾಗ ಮಾತ್ರ ಯಾರನ್ನೂ ಕೇಳುವ ಗೋಜಿಗೆ ಹೋಗಿರಲಿಲ್ಲ. ಅವಳು ನೆಲದ ಮೇಲೆ ಬಗ್ಗಿ ಕತ್ತರಿಸಿದ್ದಕ್ಕೆ ಗಿರಾಕಿಯೊಬ್ಬರ ಅಂಗಿಯ ತೋಳು ಗಿಡ್ಡವಾಗಿ, ಬೈಸಿಕೊಂಡಿದ್ದೂ ಆಗಿತ್ತು. ಆ ಪೆಟ್ಟಿಗೆ ಕಂಡರೆ ಸಾಕು, ಅವಳಿಗೆ ಮೈ ಉರಿಯುತ್ತಿತ್ತು.

ಭಾನುವಾರ ಮಧ್ಯಾಹ್ನ ಗಂಡ ಅಮ್ಮನನ್ನೂ ಹೆಂಡತಿಯನ್ನೂ ಟಿವಿ ಮುಂದೆ ಕೂರಿಸಿದ. ಮೊದಲು ಅತ್ತೆಯ ಫೋನಿನ ಫೋಟೋಗಳು ಬಂದವು: ಅವರ ಹೆಬ್ಬೆರಳು, ಸೂರಿನ ಫ್ಯಾನು, ಮತ್ತೆ ಹೆಬ್ಬೆರಳು.

"ಇವನ್ನೂ ಉಳಿಸ್ತೀಯೇನೋ?" ಅತ್ತೆ ಕೇಳಿದರು.

"ಎಲ್ಲಾನೂ ಉಳಿಸ್ತೀನಮ್ಮ. ಆರಿಸೋಕೆ ಹೋದ್ರೆ ಏನಾದ್ರೂ ಬಿಟ್ಟುಹೋಗುತ್ತೆ."

ಆಮೇಲೆ ಬಂದದ್ದು ಒಂದು ಗೇಟು, ಅದರ ಮೇಲೆ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು. ಅದರ ಹಿಂದೆಯೇ ಖಾಲಿ ಅಡುಗೆಮನೆ, ಇನ್ನೊಂದು ಗೇಟು, ಇನ್ನೊಂದು ಬೋರ್ಡು. ಹೆಂಡತಿ ದಾರದುಂಡೆ ತರುತ್ತೇನೆಂದು ಹೇಳಿ ಒಬ್ಬಳೇ ಹೋಗಿ ನೋಡಿಕೊಂಡು ಬಂದ ಮನೆಗಳು ಅವು. ಪುಣ್ಯಾತ್ಮ ಅವಳ ಫೋನಿನಿಂದಲೂ ಎಲ್ಲವನ್ನೂ ಗುಡಿಸಿ ತಂದಿದ್ದಾನೆಂದು ಅವಳಿಗೆ ಆಗಲೇ ಗೊತ್ತಾಗಿದ್ದು.

"ಇದು ಯಾರ ಮನೆ?" ಎಂದ ಗಂಡ.

"ಯಾರದ್ದೋ. ನಾನು ನೋಡ್ಕೊಂಡು ಬಂದಿದ್ದು."

"ನನಗೊಂದು ಮಾತೂ ಹೇಳದೆ?"

"ಹೇಳಿದ್ದೆ, ಎರಡು ಸಲ. ಅದನ್ನ ನಿಮ್ಮ ಸರ್ವರ್ ಉಳಿಸಿಟ್ಟಿಲ್ವಾ?"

ಗಂಡ ಟಿವಿ ಆರಿಸಲು ರಿಮೋಟ್ ಎತ್ತಿಕೊಂಡ. ಅಷ್ಟರಲ್ಲಿ ಮತ್ತೊಂದು ಖಾಲಿ ಕೋಣೆ ಬಂತು. ಅದರ ಗೋಡೆಯುದ್ದಕ್ಕೂ ನೆಲದ ಮೇಲೆ ಅವಳ ಹಳದಿ ಅಳತೆ ಟೇಪು ಹಾಸಿತ್ತು.

"ಆರಿಸಬೇಡ, ಅದನ್ನ ಹಾಗೇ ನಿಲ್ಲಿಸು," ಎಂದರು ಅತ್ತೆ. ಸೊಸೆಯ ಕಡೆ ತಿರುಗಿದರು. "ಅಲ್ಲಿ ಟೇಪ್ ಯಾಕಮ್ಮ ಹಾಸಿದ್ದೀಯ?"

"ನಿಮ್ಮ ಮಂಚ ಹಿಡಿಯುತ್ತಾ ಅಂತ ನೋಡ್ದೆ, ಅತ್ತೆ."

"ಹಿಡಿಯುತ್ತಾ?"

"ಎರಡಿಂಚು ಕಮ್ಮಿ ಬೀಳುತ್ತೆ. ಅದಕ್ಕೇ ಆ ಮನೆ ಬಿಟ್ಟೆ."

ಅತ್ತೆ ಮಗನ ಕೈಯಿಂದ ರಿಮೋಟ್ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ನಿನ್ನ ಪೆಟ್ಟಿಗೆಗೆ ಜಾಗ ಆಯ್ತು. ನನ್ನ ಮಂಚಕ್ಕೆ ಇವಳು ಊರೆಲ್ಲ ಅಳೀತಿದ್ದಾಳೆ. ಇವಳ ಮೇಜು ಎಷ್ಟುದ್ದ ಇದೆ ಅಂತ ನಿನಗೆ ಗೊತ್ತೇನೋ?"