ಸುಬೇದಾರರು ತೋರಿಸಿದ ಮನೆ

ಮಿಲಿಟರಿ ಜೀಪು ಭಂಕೂರಿನ ಓಣಿಗೆ ತಿರುಗಿದ್ದೇ ತಡ, ಸೂಗಮ್ಮನ ಮನೆಯ ಬಾಗಿಲು ಧಡಾರನೆ ಮುಚ್ಚಿಕೊಂಡಿತು.

ಜೀಪಿನಲ್ಲಿದ್ದ ನಿವೃತ್ತ ಸುಬೇದಾರ ಅಬ್ದುಲ್ ಕರೀಮರು ಕಣ್ಣು ಮುಚ್ಚಿಕೊಂಡರು. ಹೆತ್ತ ಕರುಳು, ಹೇಳುವ ಮೊದಲೇ ಅದಕ್ಕೆ ಗೊತ್ತಾಗಿಬಿಟ್ಟಿದೆ.

ಫೌಜಿನ ಪದ್ಧತಿಯೇ ಹಾಗೆ. ಹುಕುಂ ಏರಿಯಾ ಹೆಡ್‌ಕ್ವಾರ್ಟರ್ಸಿನಿಂದ ಸ್ಟೇಶನ್ ಹೆಡ್‌ಕ್ವಾರ್ಟರ್ಸಿಗೆ ಇಳಿದು, ಅಲ್ಲಿಂದ ಒಬ್ಬ ಅಧಿಕಾರಿಯ ಕೈಗೆ ಬರುತ್ತದೆ. ಮನೆ ತೋರಿಸಲು ಊರಿನ ಮಾಜಿ ಸೈನಿಕ ಜೊತೆಗಿರಬೇಕು. ವಿಷಯ ಏನೆಂದು ಅವನು ಕೇಳುವಂತಿಲ್ಲ, ಅವರು ಹೇಳುವುದೂ ಇಲ್ಲ. ಕರೀಮರು ಕೇಳಲೂ ಇಲ್ಲ. ಹಿಂದೆ ವಾಡಿಗೆ ಒಮ್ಮೆ, ಚಿತ್ತಾಪುರಕ್ಕೆ ಒಮ್ಮೆ ಹೀಗೇ ಹೋಗಿದ್ದರು. ಎರಡು ಸಲವೂ ಒಯ್ದದ್ದು ಸಾವಿನ ಸುದ್ದಿ.

ಆದರೆ ಆ ಹುಡುಗರು ಬೇರೆ, ಸೂಗಮ್ಮನ ಮಗ ಚಂದ್ರಾಮ ಬೇರೆ. ಫರಸಿ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದವನನ್ನು ನಸುಕಿನಲ್ಲಿ ಎಬ್ಬಿಸಿ, ಓಡಿಸಿ, ಫೌಜಿಗೆ ಭರ್ತಿ ಮಾಡಿಸಿದವರು ಕರೀಮರೇ. ಬೇಡವೆಂದು ಅತ್ತ ಸೂಗಮ್ಮನಿಗೆ, “ನಿನ್ನ ಮಗ ನನ್ನ ಜಿಮ್ಮಾ” ಎಂದು ಮಾತು ಕೊಟ್ಟವರೂ ಇವರೇ. ಈಗ ಯಾವ ಮುಖ ಹೊತ್ತು ನಿಲ್ಲುವುದು?

“ಹಿಂಬಾಗಿಲು ಇದೆಯಾ?” ಜೀಪಿನ ಮುಂದಿನ ಸೀಟಿನಲ್ಲಿದ್ದ ಮೇಜರ್ ಕೇಳಿದರು.

“ಅದರಿ ಸಾಹೇಬ್ರ.”

ಹಿಂದೆ ಕೂತಿದ್ದ ಇಬ್ಬರು ಜವಾನರು ಇಳಿದು ಹಿತ್ತಲಿಗೆ ಓಡಿದರು. ಅಲ್ಲಿ ಬಾವಿಯಿತ್ತು. ತಾಯಿ ದುಃಖದಲ್ಲಿ ಏನಾದರೂ ಮಾಡಿಕೊಂಡರೆ ಎಂಬ ಮುಂದಾಲೋಚನೆ ಎಂದುಕೊಂಡರು ಕರೀಮರು.

ಕಿಟಕಿಯಿಂದ ಹೂರಣದ ಘಮ ಬರುತ್ತಿತ್ತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಇಂಥ ದಿನವೇ ಈಕೆ ಹೋಳಿಗೆ ಮಾಡಬೇಕೆ? ಕರೀಮರು ಇಳಿದು ಹೋಗಿ ಬಾಗಿಲು ತಟ್ಟಿದರು.

“ಸೂಗಮ್ಮ, ಬಾಗ್ಲಾ ತೆಗಿಯವ್ವ.”

“ತೆಗಿಯಂಗಿಲ್ಲ! ಕರೀಮಣ್ಣ, ನಿನ್ನ ಕಾಲಿಗಿ ಬೀಳ್ತೀನಿ, ಅವರ್ನ ಕರ್ಕೊಂಡು ಹೋಗು. ನನಗ ಇರಾಂವ ಅವನೊಬ್ಬನೇ.”

“ಎಷ್ಟೊತ್ತು ಹಿಂಗ ಕುಂದರ್ತಿ? ಒಂದಿಲ್ಲೊಂದು ಸಲ ಕೇಳಬೇಕಾಗ್ತದವ್ವ.”

ಒಳಗೆ ಅಳು ಬಿಕ್ಕಳಿಕೆಯಾಯಿತು. ಸುದ್ದಿ ಹೇಳಬೇಕಾದವರು ಅಧಿಕಾರಿ, ಅದೂ ತಾಯಿಯ ಮುಖ ನೋಡಿ. ಮೂವತ್ತು ವರ್ಷ ನಿಯಮ ಮೀರದ ಸುಬೇದಾರರು ಅಂದು ಮೀರಿದರು. ಚೌಕಟ್ಟಿಗೆ ಹಣೆ ಚಚ್ಚಿಕೊಂಡು ಗೋಳೋ ಎಂದು ಅತ್ತರು.

“ಮಾಫ್ ಮಾಡವ್ವ! ನಿನ್ನ ಮಗನ್ನ ಕೊಂದಾಂವ ನಾನು! ನಾ ಫೌಜಿಗಿ ಕಳಸಿದ್ದಿಲ್ಲಂದ್ರ ಚಂದ್ರಾಮ ಇವತ್ತು ಜೀವಂತ ಇರ್ತಿದ್ದ!”

ಮೇಜರ್ ಏನೋ ಹೇಳಲು ಬಾಯಿ ತೆರೆದವರು, ಬಾಗಿಲ ಕಡೆ ನೋಡಿ ಸುಮ್ಮನಾದರು. ಸುಬೇದಾರರ ಹಣೆಯಿಂದ ರಕ್ತ ಇಳಿಯುತ್ತಿತ್ತು.

ಒಳಗೆ ಸೂಗಮ್ಮ “ಬ್ಯಾಡ, ಬ್ಯಾಡ!” ಎಂದು ಚೀರಿದಳು. ಚಿಲಕ ಸರಿಯಿತು.

“ಅಳಬ್ಯಾಡ್ರಿ ಚಾಚಾ, ನಾ ಸತ್ತಿಲ್ಲ, ಪಲ್ಟನ್ ಬಿಟ್ಟು ಓಡಿ ಬಂದೀನಿ,” ಎಂದ ಚಂದ್ರಾಮ, ಮೇಜರ್ ಮುಂದೆ ಎರಡೂ ಕೈ ಚಾಚುತ್ತ.