ಮುಂದೆ ನುಗ್ಗು ಅಂದವರು

ದಾಳದಲ್ಲಿ ಮೂರು ಬಿತ್ತು. ಅಕ್ಕ ತುಟಿ ಕಚ್ಚಿಕೊಂಡಳು. ಆಟದಲ್ಲಿ ತಮ್ಮನ ಬಿಲ್ಲುಗಾರ, ರಾಕ್ಷಸನ ಗುಹೆಯ ಬಾಗಿಲಲ್ಲೇ ಏಟು ತಿಂದು ಮಲಗಿದ್ದ. ಮೂರು ಬಿತ್ತೆಂದರೆ ಅವನ ಬಲಗೈ ಹೋಯಿತು ಎಂದೇ ಅರ್ಥ.

"ಇನ್ನೊಂದ್ಸಲ ಹಾಕು, ಪರವಾಗಿಲ್ಲ," ಅಂದಳು.

"ಯಾಕೆ? ನಿಯಮ ಅಂದ್ಮೇಲೆ ನಿಯಮ," ಅಂದ ತಮ್ಮ. ಅವನು ದಾಳ ಹಾಕಿದ್ದು ಎಡಗೈಯಲ್ಲಿ. ಬಲಗೈಗೆ ಇನ್ನೂ ಬ್ಯಾಂಡೇಜಿತ್ತು, ಅದರೊಳಗೆ ಎರಡು ಬೆರಳು ಇರಲಿಲ್ಲ.

ಭಾನುವಾರ ಮಧ್ಯಾಹ್ನ ಊಟದ ಮೇಜು ಒರೆಸಿ ಮೂವರೂ ಆಡುವ ಆಟ ಇದು. ಕಥೆ ನಡೆಸುವವಳು ಅಕ್ಕ. ಅವಳ ಗಂಡನದೊಬ್ಬ ಸರದಾರ, ತಮ್ಮನದೊಬ್ಬ ಬಿಲ್ಲುಗಾರ. ಯಾರಿಗೆ ಏನಾಯಿತು ಅನ್ನುವುದನ್ನು ದಾಳ ಹೇಳುತ್ತದೆ. ಆಟದ ಜೊತೆ ಬಂದ ಪುಸ್ತಕದ ಪ್ರಕಾರ ಎಂಥ ಗಾಯವೂ ಒಂದು ರಾತ್ರಿ ಮಲಗಿ ಎದ್ದರೆ ಮಾಯ. ಇಂಥ ಸುಖ ಯಾವ ಆಸ್ಪತ್ರೆಯಲ್ಲೂ ಸಿಗದು. ಅಕ್ಕನಿಗೆ ಅದು ಹಿಡಿಸಲಿಲ್ಲ. ಹೋದ ಕೈ ಹೋದದ್ದೇ ಎಂದು ಈ ಮನೆಯ ಆಟಕ್ಕೆ ಬೇರೆ ನಿಯಮ ಮಾಡಿದಳು. ಗಂಡ ಹಿಂದೆ ನಿಂತು ತಮ್ಮನನ್ನೇ ಮುಂದೆ ತಳ್ಳುವ ಚಾಳಿ ಕಂಡು ಇನ್ನೊಂದನ್ನೂ ಸೇರಿಸಿದಳು: ಒಬ್ಬನ ಮಾತು ಕೇಳಿ ಇನ್ನೊಬ್ಬ ಗಾಯ ಮಾಡಿಕೊಂಡರೆ, ಹೇಳಿದವನು ಒಪ್ಪಿಕೊಂಡು ಗಾಯದಲ್ಲಿ ಪಾಲು ತೆಗೆದುಕೊಳ್ಳಬೇಕು. ಒಪ್ಪಿದರೆ ಬಿದ್ದವನು ತಂಡದಲ್ಲಿ ಉಳಿಯುತ್ತಾನೆ. ಇಲ್ಲದಿದ್ದರೆ ಬಿದ್ದವನು ಹೊರಗೆ.

"ಮುಂದೆ ನುಗ್ಗು ಅಂದಿದ್ದು ಯಾರು?" ಅಕ್ಕ ಕೇಳಲೇಬೇಕಿತ್ತು, ಕೇಳಿದಳು.

"ನಾನೇ," ಅಂದ ಭಾವ, ಎದೆ ಉಬ್ಬಿಸಿ. "ನನ್ನ ಸರದಾರ ಮಾತಿಗೆ ತಪ್ಪೋನಲ್ಲ. ಅವನದೂ ಒಂದು ಕೈ ಹೋಯ್ತು ಅಂತ ಬರ್ಕೋ. ಬಿಲ್ಲುಗಾರ ನಮ್ಮ ಜೊತೇಲೇ ಇರ್ಲಿ."

ತಮ್ಮ ನಕ್ಕ. ಒಳ್ಳೆಯ ನಗುವಲ್ಲ ಅದು. "ಎಷ್ಟು ಸಲೀಸಾಗಿ ಬಂತು ಭಾವ ಬಾಯಲ್ಲಿ. ನಾಳೆ ವಿಚಾರಣೇಲೂ ಹೀಗೇ ಹೇಳಿಬಿಡಿ."

ಇಬ್ಬರದೂ ಒಂದೇ ಕಾರ್ಖಾನೆ. ಭಾವ ಅಲ್ಲಿ ಸೂಪರ್‌ವೈಸರ್. ಕೆಲಸ ಬೇಗ ಸಾಗಲಿ, ಪ್ರೆಸ್ ಮೆಷಿನ್ನಿಗೆ ಕೈ ಸಿಗದ ಹಾಗೆ ಅಡ್ಡ ಇರುವ ಗಾರ್ಡ್ ತೆಗೆದಿಟ್ಟು ಹೊಡಿ ಅಂದವನು ಅವನೇ. ಬೆರಳು ಹೋದ ಮೇಲೆ ಮಾತ್ರ, ಹುಡುಗ ತಾನಾಗಿಯೇ ತೆಗೆದಿದ್ದ ಎಂದು ಮೇಲಿನವರ ಮುಂದೆ ತಿಪ್ಪೆ ಸಾರಿಸಿದ್ದ. ನಾಳೆಯೂ ಹಾಗೇ ಅಂದರೆ ತಮ್ಮನ ಕೆಲಸ ಹೋದ ಹಾಗೇ.

"ಅದೇ ಬೇರೆ, ಇದೇ ಬೇರೆ. ಇದು ಆಟ ಕಣೋ," ಅಂದ ಭಾವ. "ಅಲ್ಲಿ ಬಾಯಿಬಿಟ್ರೆ ಮೊದಲು ನನ್ನನ್ನೇ ಮನೆಗೆ ಕಳಿಸ್ತಾರೆ. ನನಗೂ ಹೆಂಡ್ತಿ ಮಕ್ಕಳಿದ್ದಾರೆ."

ತಮ್ಮ ಆ ಹೆಂಡತಿಯ ಕಡೆ ತಿರುಗಿದ. ಚಿಕ್ಕವನಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. "ನೀನೇ ಮಾಡಿದ ನಿಯಮ ಅಲ್ವೇನಕ್ಕ?"

ಅಕ್ಕ ದಾಳಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು. "ಆಟಕ್ಕೆ ಅಂತ ಮಾಡಿದ್ದು ಕಣೋ," ಅಂದಳು, ಮುಖ ಎತ್ತದೆ. "ಇವರ ಕೆಲಸಾನೂ ಹೋದ್ರೆ ಯಾರಿಗೆ ಏನು ಬಂತು, ಹೇಳು."

ಭಾವನ ಮಾತಿಗಿಂತ ಇದು ತಮ್ಮನನ್ನು ಹೆಚ್ಚು ಸುಟ್ಟಿತು. ಎದ್ದು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತ.

"ಭಾವನ ಸರದಾರ ದೊಡ್ಡ ಮನುಷ್ಯ ಅಕ್ಕ," ಅಂದ. "ಅವನಿಗೆ ಸಂಸಾರ ಗಿಂಸಾರ ಕಟ್ಟಿಬಿಡಬೇಡ."