ಮಾವ ಹಾಕಿದ ಪೈಪು

ನಲ್ಲಿ ನೀರಿನಲ್ಲಿ ಸೀಸ ಇದೆಯಂತೆ ಎಂದು ಸೊಸೆ ಬಂದು ಹೇಳಿದಾಗ ಮಾವ ಹಲ್ಲುಜ್ಜುತ್ತಿದ್ದರು. ಅದೇ ನೀರನ್ನು ಬಾಯಿ ತುಂಬ ತುಂಬಿಕೊಂಡು ಮುಕ್ಕಳಿಸಿ, ಉಗುಳುವ ಬದಲು ಗಟಗಟ ನುಂಗಿ ತೋರಿಸಿದರು.

"ಏನಾಯ್ತು ನನಗೆ?"

"ನಿಮಗೇನೂ ಆಗ್ಲಿಕ್ಕಿಲ್ಲ ಮಾವ. ಪಾಪುಗೆ ಆಗುತ್ತೆ. ಬುದ್ಧಿ ಸರಿಯಾಗಿ ಬೆಳೆಯಲ್ವಂತೆ."

ಪಾಪುವಿಗೆ ತಾಯಿಯ ಹಾಲು ಸಾಲದೆ ಪುಡಿ ಹಾಲು ಶುರುವಾಗಿತ್ತು. ಮನೆ ಹಳೆಯದೇ ಎಂದು ಕೇಳಿದ ಡಾಕ್ಟರು, ಹಾಗಿದ್ದರೆ ನೀರನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದಿದ್ದರು. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮೊದಲು ಹಿಡಿದ ನೀರನ್ನು ಸೊಸೆ ಲ್ಯಾಬಿಗೆ ಕೊಟ್ಟು ಬಂದಿದ್ದಳು. ಬೀದಿಯವರೆಗೆ ಬರುವ ನೀರು ಚೆನ್ನಾಗಿಯೇ ಇದೆ, ಸೀಸ ಸೇರುತ್ತಿರುವುದು ಮನೆಯೊಳಗಿನ ಪೈಪಿನಿಂದಲೇ ಇರಬೇಕು ಎಂದು ಲ್ಯಾಬಿನವರು ಹೇಳಿದ್ದರು. ಕಷ್ಟವಿದ್ದದ್ದು ಅಲ್ಲೇ. ಮಾವ ಬದುಕಿಡೀ ಪ್ಲಂಬರ್ ಆಗಿದ್ದವರು. ಈ ಮನೆಯ ಪೈಪುಗಳನ್ನೆಲ್ಲ ಕೈಯಾರೆ ಕೂರಿಸಿದವರು. ಬಂದ ನೆಂಟರಿಗೆ ಮಗನ ಮದುವೆ ಫೋಟೋಗಿಂತ ಮೊದಲು ಸಿಂಕಿನ ಕೆಳಗಿನ ಬೆಸುಗೆಯನ್ನು ತೋರಿಸುತ್ತಿದ್ದರು. ಸೊಸೆಯೂ ಬಂದ ಹೊಸತರಲ್ಲಿ ಬಗ್ಗಿ ನೋಡಿ, "ಚೆನ್ನಾಗಿದೆ ಮಾವ" ಅಂದವಳೇ.

"ಇವತ್ತಿನವರೆಗೆ ಒಂದು ತೊಟ್ಟು ಸೋರಿಲ್ಲ," ಎಂದರು ಮಾವ.

"ಸೋರಿದ್ರೇ ಒಳ್ಳೇದಿತ್ತು. ಯಾವತ್ತೋ ಬದಲಾಯಿಸಿರ್ತಿದ್ವಿ."

"ಕುದಿಸಿ ಕೊಡು ಮತ್ತೆ."

"ಕುದಿಸಿದ್ರೆ ಕ್ರಿಮಿ ಸಾಯುತ್ತೆ ಮಾವ. ಸೀಸ ಸಾಯಲ್ಲ."

"ನಿನ್ನ ಗಂಡನೂ ಇದೇ ನೀರು ಕುಡಿದು ಬೆಳೆದೋನು. ಅವನಿಗೇನಾಗಿದೆ ಹೇಳು?"

ಇಬ್ಬರೂ ತಿರುಗಿ ನೋಡಿದರು. ಅವನು ಅಂಗಿಯನ್ನು ಒಳಗಿನದು ಹೊರಗೆ ಮಾಡಿ ತೊಟ್ಟುಕೊಂಡು ಜೇಬು ಹುಡುಕುತ್ತಿದ್ದ. ಇಬ್ಬರೂ ಆ ಮಾತನ್ನು ಅಲ್ಲಿಗೇ ಕೈಬಿಟ್ಟರು.

ಪೈಪು ಬದಲಿಸಲು ಸೊಸೆ ಒಬ್ಬ ಪ್ಲಂಬರನನ್ನು ಕರೆಸಿದಳು. ಮಾವ ಪೈಪು ಹುದುಗಿದ್ದ ಅಡುಗೆಮನೆಯ ಗೋಡೆಗೆ ಕುರ್ಚಿ ಒತ್ತಿ ಹಾಕಿಕೊಂಡು ಪೇಪರ್ ಓದುತ್ತ ಕುಳಿತರು. ಬಂದವನು ಸ್ವಲ್ಪ ಹೊತ್ತು ನಿಂತು ನೋಡಿದ. "ಯಜಮಾನ್ರು ಎದ್ದ ಮೇಲೆ ಹೇಳಿ ಕಳ್ಸಿ," ಎಂದು ಹೊರಟುಹೋದ. ಯಜಮಾನರು ಏಳಲಿಲ್ಲ. ಪಾಪುವಿನ ಹಾಲಿಗೆ ಅಂಗಡಿಯ ಕ್ಯಾನ್ ನೀರು ಬರತೊಡಗಿತು. ಅದನ್ನು ತರುವುದು ಗಂಡನ ಪಾಲಿನ ಕೆಲಸ. ಒಂದು ದಿನ ಮರೆತ.

ಆವತ್ತು ಪಾಪು ಮನೆ ಕಿತ್ತುಹೋಗುವಂತೆ ಅಳುತ್ತಿತ್ತು. ಸೊಸೆ ಅದನ್ನು ಹೆಗಲಿಗೆ ಹಾಕಿಕೊಂಡು, ಒಂದೇ ಕೈಯಲ್ಲಿ ಕ್ಯಾನನ್ನು ಬಗ್ಗಿಸಿದಳು. ಖಾಲಿ. ತೊಳೆದಿಟ್ಟಿದ್ದ ಹಾಲಿನ ಬಾಟಲಿಯನ್ನು ಮಾವನ ಕೈಗೆ ಕೊಟ್ಟಳು.

"ನೀರು ನೀವೇ ಹಾಕಿ ಕೊಡಿ ಮಾವ. ನನ್ನ ಕೈಲಾಗಲ್ಲ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಮಾವನಿಗೆ ಸುಲಭವಾಗುತ್ತಿತ್ತು, ರೇಗಿಬಿಡಬಹುದಿತ್ತು. ಅವರು ಸಿಂಕಿನ ಮುಂದೆ ನಿಂತು ನಲ್ಲಿ ತಿರುಗಿಸಿದರು. ನೀರು ಧಾರೆಧಾರೆಯಾಗಿ ಸುರಿಯಿತು, ಕಣ್ಣಿಗೆ ತಿಳಿಯಾಗಿಯೇ ಇತ್ತು. ಬಾಟಲಿ ಅದರ ಪಕ್ಕದವರೆಗೆ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಹಿಂದೆ ಪಾಪು ಅಳುತ್ತಲೇ ಇತ್ತು. ಮಾವ ನಲ್ಲಿ ನಿಲ್ಲಿಸಿ, ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ಬನಿಯನ್‌ನಲ್ಲೇ ಬೀದಿಗಿಳಿದರು. ಏದುಸಿರು ಬಿಡುತ್ತ ಕ್ಯಾನ್ ಹೊತ್ತು ವಾಪಸು ಬಂದರು.

ಪಾಪು ಕುಡಿದು ಮಲಗಿದ ಮೇಲೆ ಅವರು ಅಟ್ಟದಿಂದ ತಮ್ಮ ಸಾಮಾನಿನ ಚೀಲ ಇಳಿಸಿದರು.

"ಆ ಪ್ಲಂಬರ್‌ಗೇ ಫೋನ್ ಮಾಡ್ಲಾ?" ಎಂದಳು ಸೊಸೆ.

"ಬೇಡ. ಹಾಕ್ದೋನೇ ಕೀಳ್ತೀನಿ."

ಗೋಡೆ ಒಡೆದು, ಪೈಪನ್ನು ತುಂಡುತುಂಡಾಗಿ ಹೊರಗೆಳೆದರು. ಬೂದು ಬಣ್ಣದ್ದು, ಕೈಯಲ್ಲಿ ಬಾಗುವಷ್ಟು ಮೆತ್ತಗಿನದು. ಒಂದು ತುಂಡನ್ನು ಚಾಕುವಿನಿಂದ ಕೆರೆದಾಗ ಥಳಥಳ ಹೊಳೆಯಿತು. "ಬೆಳ್ಳಿ ಥರ ಇದೆಯಲ್ಲ!" ಎಂದ ಮಗ. ಹೊಸ ಪೈಪು ಕೂತಿತು, ಹೊಸ ನಲ್ಲಿಯೂ ಬಂತು. ಬಹಳ ಹೊತ್ತು ನೀರು ಹರಿಯಬಿಟ್ಟು ಎಲ್ಲ ತೊಳೆದುಹೋಗುವಂತೆ ಮಾಡಿದರು. ಮರುದಿನ ಬೆಳಿಗ್ಗೆಯ ಮೊದಲ ನೀರು ಮತ್ತೆ ಲ್ಯಾಬಿಗೆ ಹೋಯಿತು.

ಅಲ್ಲಿಂದ ಫೋನ್ ಬಂದಾಗ ಸೊಸೆ ಓಡುತ್ತಲೇ ಜಗಲಿಗೆ ಬಂದಳು. "ಮಾವ, ನೀರು ಚೆನ್ನಾಗಿದೆಯಂತೆ! ಸೀಸದ ಸುಳಿವೇ ಇಲ್ಲವಂತೆ!"

ಮಾವನ ಮುಖ ಅರಳುತ್ತದೆ ಅಂದುಕೊಂಡಿದ್ದಳು. ಅದು ಇನ್ನಷ್ಟು ಇಳಿಯಿತು.

"ಹಾಗಾದ್ರೆ ಪೈಪಿಂದೇ ಬರ್ತಿದ್ದಿದ್ದು."

"ಹೌದು ಮಾವ, ಪೈಪಿಂದೇ. ಆಗ ಎಲ್ರೂ ಅದನ್ನೇ ಹಾಕ್ತಿದ್ರಂತೆ. ನಿಮಗೇನು ಗೊತ್ತಿತ್ತು."

ಅವರು ಎದ್ದು ಚೀಲ ಹೆಗಲಿಗೇರಿಸಿದರು.

"ಎಲ್ಲಿಗೆ ಮಾವ?"

"ಈ ಬೀದಿ ಮನೆಗಳಿಗೆಲ್ಲ ಪೈಪು ಹಾಕ್ದೋನೂ ನಾನೇ ಅಲ್ವೇನಮ್ಮ."

ಸೊಸೆ ಬಾಗಿಲಲ್ಲೇ ನಿಂತು ನೋಡಿದಳು. ಎದುರುಮನೆಯ ಮೆಟ್ಟಿಲಿನ ಮೇಲೆ ಪುಟ್ಟ ಶೂಗಳು ಒಣಗುತ್ತಿದ್ದವು. ಮಾವ ಅವುಗಳನ್ನು ತುಳಿಯದಂತೆ ಹತ್ತಿ, ಕರೆಗಂಟೆ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಏನು ಹೇಳಬೇಕೆಂದು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ ಹಾಗಿತ್ತು.

ಬಾಗಿಲು ತೆಗೆದ ಹೆಂಗಸು ಅವರನ್ನು ಕಂಡು ಮುಖವರಳಿಸಿದಳು. "ಅಯ್ಯೋ, ಈ ಬಿಸಿಲಲ್ಲಿ ಬಂದ್ರಾ! ಬನ್ನಿ ಒಳಗೆ, ಕೂತ್ಕೊಳ್ಳಿ. ಮೊದಲು ಕುಡಿಯೋಕೆ ನೀರು ತರ್ತೀನಿ."